ಕೌಶಿಕನ ಬಾಲ್ಯ

ಪ್ರೇಮಕಥೆಗಳಲ್ಲಿ ಪ್ರೀತಿಸುವವರೂ ಉಂಟು, ಹಿಡಿದಿಟ್ಟುಕೊಳ್ಳುವವರೂ ಉಂಟು. ಎರಡನೆಯ ಬಗೆಯವನಿಗೆ ನಮ್ಮ ಹಳೆಯ ಕಥೆಗಳಲ್ಲಿ ನಾಯಕನ ಪಟ್ಟ ಸಿಗುವುದು ಅಪರೂಪವಾಗಿತ್ತು. ಈಗ ಧಾರಾಳವಾಗಿ ಸಿಗುತ್ತಿದೆ. ಜಪಾನ್, ಕೊರಿಯಾ ದೇಶಗಳ ಪ್ರಣಯ ಚಿತ್ರಕಥೆಗಳನ್ನು ಕೆಲವು ಕಾಲದಿಂದ ಓದುತ್ತಿರುವ ನನಗೆ ಇದು ವಿಚಾರ ಮಾಡತಕ್ಕ ಸಂಗತಿಯಾಗಿ ಕಂಡಿದೆ.

ಇಂಥ ಕಥೆಗಳ ನಡೆ ಹೆಚ್ಚುಕಡಿಮೆ ಒಂದೇ. ನಾಯಕ ನಾಯಕಿಯ ಹಿಂದೆ ನೆರಳಿನಂತೆ ಅಲೆಯುತ್ತಾನೆ. ಅವಳ ಗೆಳೆಯರನ್ನು ದೂರಮಾಡುತ್ತಾನೆ. ಅವಳು ಹೋಗುತ್ತೇನೆಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ವಾಚಕರಿಗೆ ಅವನ ಮೇಲೆ ರೋಷ ಹುಟ್ಟುವ ಹೊತ್ತಿಗೆ ಸರಿಯಾಗಿ ನಾಲ್ಕಾರು ಮಸುಕು ಪುಟಗಳು ಬರುತ್ತವೆ. ಅಲ್ಲಿ ಅವನು ಏಳು ವರ್ಷದ ಬಾಲಕ. ತಾಯಿ ಬಿಟ್ಟುಹೋಗಿದ್ದಾಳೆ, ತಂದೆ ಹೊಡೆಯುತ್ತಾನೆ. ಪುಟ ಮುಗಿಯುವಷ್ಟರಲ್ಲಿ ನಮ್ಮ ಕಣ್ಣು ಒದ್ದೆಯಾಗಿರುತ್ತದೆ, ಅವನ ಅಪರಾಧ ಮಾಫಿಯಾಗಿರುತ್ತದೆ.

ಈ ಪುಸ್ತಕಗಳು ಈಗ ನಿರ್ಣಾದಂಥ ಊರಿಗೂ ಮೊಬೈಲಿನಲ್ಲಿ ಬಂದಿವೆ. ಬಂಧುಗಳ ಮನೆಯ ಹೈಸ್ಕೂಲು ಹುಡುಗಿಯೊಬ್ಬಳು ಅಂಥದೊಂದು ಕಥೆಯ ನಾಯಕನ ಪರವಾಗಿ ನನ್ನೊಡನೆ ವಾದಿಸಿದಳು: ಪಾಪ, ಚಿಕ್ಕಂದಿನಲ್ಲಿ ಅವನಿಗೆ ಯಾರೂ ಇರಲಿಲ್ಲ, ಅವಳು ತಾಳಿಕೊಂಡರೆ ಅವನು ಸರಿಹೋಗುತ್ತಾನೆ! ನಗಲು ನನಗೆ ಮನಸ್ಸಾಗಲಿಲ್ಲ. ಇಂಥ ತಾಳ್ಮೆಯನ್ನೇ ಮದ್ದೆಂದು ನಂಬಿ ಸಂಸಾರಕ್ಕೆ ಕಾಲಿಟ್ಟ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಅವಳಿಗೆ ನಾನು ಕೌಶಿಕನನ್ನು ನೆನಪಿಸಿದೆ. ನಮ್ಮ ಭಾಗದಲ್ಲಿ ಅಕ್ಕಮಹಾದೇವಿಯ ಕಥೆ ಯಾರಿಗೂ ಹೊಸದಲ್ಲ. ಹರಿಹರನ ರಗಳೆಯ ಪ್ರಕಾರ ಉಡುತಡಿಯ ರಾಜ ಕೌಶಿಕ ಆಕೆಯನ್ನು ಕಂಡು ಮರುಳಾಗುತ್ತಾನೆ. ಹೆತ್ತವರನ್ನು ಕೊಲ್ಲಿಸುವ ಬೆದರಿಕೆಯೊಡ್ಡಿ ಒಪ್ಪಿಸಿಕೊಳ್ಳುತ್ತಾನೆ. ಆಕೆ ಷರತ್ತುಗಳನ್ನು ಹಾಕುತ್ತಾಳೆ. ಅವನು ಅವುಗಳನ್ನು ಮುರಿದಾಗ ಮೂರು ಸಲ ತಾಳಿಕೊಂಡು, ಬಳಿಕ ಎಲ್ಲವನ್ನೂ ಬಿಟ್ಟು ಹೊರಡುತ್ತಾಳೆ. ಶೂನ್ಯಸಂಪಾದನೆಯಲ್ಲಿ ಆಕೆ ಬಂದು ಸೇರುವ ಕಲ್ಯಾಣವೇ ಇಂದಿನ ನಮ್ಮ ಬಸವಕಲ್ಯಾಣ. ಕೌಶಿಕನಿಗೂ ಒಂದು ಬಾಲ್ಯ ಇದ್ದೀತು. ಆದರೆ ನಮ್ಮ ಜನ ಅದನ್ನು ಕೇಳಲಿಲ್ಲ. ಹೊರಟವಳ ಬೆನ್ನಹಿಂದೆಯೇ ನಡೆದರು. ಇದೇ ಕಥೆಯನ್ನು ಇಂದಿನ ಚಿತ್ರಕಥೆಗಾರನ ಕೈಗೆ ಕೊಟ್ಟು ನೋಡಿ. ಕೌಶಿಕನ ಬಾಲ್ಯಕ್ಕೆ ನಾಲ್ಕು ಪುಟ ಮೀಸಲಾಗುತ್ತದೆ. ಬಿಟ್ಟುಹೋದ ಮಹಾದೇವಿ ಕಠಿಣ ಹೃದಯದವಳಾಗಿ ತೋರುತ್ತಾಳೆ.

ಹಾಗೆಂದು ಬಾಲ್ಯವನ್ನು ಕೇಳುವುದೇ ತಪ್ಪೆಂದು ನಾನು ಹೇಳಲಾರೆ. ಎಳವೆಯಲ್ಲಿ ತಾಯಿಯ ಆರೈಕೆ ತಪ್ಪಿದ ಮಕ್ಕಳ ಮನಸ್ಸಿಗೆ ಆಗುವ ಹಾನಿಯನ್ನು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ವಿವರಿಸಿದ. ಮುಂದೆ ಬಂದ ಸಂಶೋಧಕರು ಅವನ ಮಾತನ್ನು ಬೆಳೆಸಿದರು, ತಿದ್ದಿದರು; ಗಾಯಗೊಂಡ ಮಗು ಕ್ರೂರಿಯಾಗಿಯೇ ಬೆಳೆಯಬೇಕೆಂಬ ನಿಯಮವಿಲ್ಲವೆಂಬುದೂ ತಿಳಿಯಿತು. ಗಾಯವನ್ನು ಬಲ್ಲ ಸಾಹಿತ್ಯ ಬಲ್ಲದ ಸಾಹಿತ್ಯಕ್ಕಿಂತ ದೊಡ್ಡದು. ಪ್ರಶ್ನೆಯಿರುವುದು ಆ ತಿಳಿವಳಿಕೆಯನ್ನು ಯಾವುದಕ್ಕೆ ಬಳಸುತ್ತೇವೆ ಎಂಬಲ್ಲಿ.

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟ ಕೃತಿ ನಟ್ಸುಕಿ ತಕಾಯಾ ಅವರ 'ಫ್ರೂಟ್ಸ್ ಬಾಸ್ಕೆಟ್'. 1998ರಿಂದ 2006ರವರೆಗೆ ಜಪಾನಿನ 'ಹಾನಾ ಟು ಯುಮೆ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 23 ಸಂಪುಟಗಳಾದ ಕಥೆಯಿದು. ಸೋಹ್ಮಾ ಮನೆತನಕ್ಕೆ ಒಂದು ಶಾಪವಿದೆ. ಆ ಶಾಪಗ್ರಸ್ತರ ಒಡತಿ ಅಕಿಟೊ. ತಾಯಿ ಹಟಹಿಡಿದು ಅವಳನ್ನು ಗಂಡೆಂದು ಬೆಳೆಸಿದ್ದಾಳೆ, ಜೊತೆಗೆ ದ್ವೇಷಿಸಿದ್ದಾಳೆ. ಮುದ್ದಿಸಿದ ತಂದೆ ಬೇಗ ತೀರಿಕೊಂಡಿದ್ದಾನೆ. ಯಾರೂ ತನ್ನನ್ನು ಬಿಟ್ಟುಹೋಗಬಾರದೆಂಬ ಭಯ ಅವಳಲ್ಲಿ ಹಿಂಸೆಯಾಗಿ ಬೆಳೆಯುತ್ತದೆ. ಯೂಕಿ ಎಂಬ ಬಾಲಕನನ್ನು ಕತ್ತಲ ಕೋಣೆಯಲ್ಲಿ ಕೂಡುತ್ತಾಳೆ. ಮದುವೆಗೆ ಒಪ್ಪಿಗೆ ಕೇಳಿದ ಹಟೋರಿಯ ಕಣ್ಣಿಗೆ ಗಾಯಮಾಡುತ್ತಾಳೆ. ರಿನ್ ಎಂಬ ಹುಡುಗಿಯನ್ನು ಕಿಟಕಿಯಿಂದ ತಳ್ಳುತ್ತಾಳೆ. ತಾಯಿಯನ್ನು ಕಳೆದುಕೊಂಡ ತೋರು ಎಂಬ ಹುಡುಗಿ ಕೊನೆಗೆ ಅವಳತ್ತ ಸ್ನೇಹದ ಕೈ ಚಾಚುತ್ತಾಳೆ.

ತಕಾಯಾ ಅವರ ವಿವೇಕ ಕಾಣುವುದು ಇದರ ಮುಂದೆ. ಅಕಿಟೊಳ ದುಃಖ ನಮಗೆ ಅರ್ಥವಾಗುತ್ತದೆ, ಆದರೆ ಅವಳ ಲೆಕ್ಕ ಚುಕ್ತಾ ಆಗುವುದಿಲ್ಲ. ಹಿಡಿದಿಟ್ಟವರನ್ನು ಅವಳು ತಾನೇ ಬಿಟ್ಟುಕೊಡಬೇಕಾಗುತ್ತದೆ. ರಿನ್ ಅವಳನ್ನು ಕ್ಷಮಿಸುವುದಿಲ್ಲ. ಕ್ಷಮಿಸಲೇಬೇಕೆಂದು ಲೇಖಕಿ ಒತ್ತಾಯಿಸುವುದೂ ಇಲ್ಲ. ಕೃತಿಗೆ ದೋಷವಿಲ್ಲದಿಲ್ಲ. ಕೊನೆಯಲ್ಲಿ ಎಲ್ಲರಿಗೂ ಜೋಡಿ ಕೂಡಿಸುವ ಆತುರ ಕಾಣುತ್ತದೆ. ಅಕಿಟೊಳಿಗೂ ಸುಖ ಸ್ವಲ್ಪ ಅಗ್ಗವಾಗಿಯೇ ದೊರೆಯಿತೆಂದು ನನಗೆ ತೋರುತ್ತದೆ.

ಇದರ ಪಕ್ಕದಲ್ಲಿ ಸಕಾಯೆ ಎಸುನೊ ಅವರ 'ಮಿರಾಯ್ ನಿಕ್ಕಿ'ಯನ್ನು (2006–2010) ಇಟ್ಟು ನೋಡಬಹುದು. ಅಲ್ಲಿಯ ಯೂನೊ, ಹೆತ್ತವರೇ ಪಂಜರದಲ್ಲಿ ಕೂಡಿಹಾಕಿದ ಹುಡುಗಿ. ಸಹಪಾಠಿಯೊಬ್ಬನ ಒಂದು ಮಾತನ್ನು ಜೀವದ ಆಸರೆಯಾಗಿ ಹಿಡಿದು, ಅವನಿಗಾಗಿ ಕೊಲೆಗೂ ಹೇಸುವುದಿಲ್ಲ. ಕಥೆ ರೋಚಕವಾಗಿದೆ. ಆದರೆ ಅಲ್ಲಿ ಪಂಜರವೆಂಬುದು ರಹಸ್ಯ ಬಿಡಿಸುವ ಕೀಲಿಕೈಯಾಗಿಯೇ ಹೆಚ್ಚು ಕೆಲಸ ಮಾಡುತ್ತದೆ. ಸತ್ತವರ ಪರವಾಗಿ ಮಾತನಾಡಲು ಕಥೆಗೆ ಬಿಡುವಿಲ್ಲ.

ಮಕ್ಕಳ ಕೈಯಿಂದ ಈ ಪುಸ್ತಕಗಳನ್ನು ಕಸಿದುಕೊಳ್ಳಿರೆಂದು ತಂದೆತಾಯಿಯರಿಗೆ ನಾನು ಹೇಳುವುದಿಲ್ಲ. ಕಸಿದುಕೊಂಡರೆ ಅವರು ಮರೆಯಲ್ಲಿ ಓದುತ್ತಾರೆ. ಜೊತೆಗೆ ಕುಳಿತು ಓದಿ, ಮಸುಕು ಪುಟಗಳು ಬಂದಾಗ ಒಂದು ಪ್ರಶ್ನೆ ಕೇಳಿದರೆ ಸಾಕು: ಇವನ ಕಣ್ಣೀರು ನಿಜ, ಆದರೆ ಬಾಗಿಲ ಬಳಿ ನಿಂತಿರುವ ಆ ಹುಡುಗಿಗೆ ಹೊರಗೆ ಹೋಗಲು ದಾರಿಯಿದೆಯೇ? ದಾರಿ ಬಿಟ್ಟ ಕಥೆಯನ್ನು ಮೆಚ್ಚೋಣ. ದಾರಿ ಮುಚ್ಚಿ ಅದನ್ನೇ ಪ್ರೇಮವೆಂದು ಕರೆದರೆ, ಚಿತ್ರ ಎಷ್ಟು ಸೊಗಸಾಗಿದ್ದರೂ ಅದು ಕೌಶಿಕನ ಅರಮನೆಯೇ.