ಬೂಷ್ಟು ಹಿಡಿದ ಜೋಳ, ತೆಳುವಾದ ಪೊರೆ

1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಜನ ಹೊಟ್ಟೆನೋವು, ಗುಡುಗುಡು, ಭೇದಿಯಿಂದ ನರಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆರ್. ವಿ. ಭಟ್ ಮತ್ತು ಸಂಗಡಿಗರು 27 ಹಳ್ಳಿಗಳಲ್ಲಿ ವಿಚಾರಿಸಿದಾಗ ಎಲ್ಲರ ಬೆರಳೂ ಬೂಷ್ಟು ಹಿಡಿದ ಬಿಳಿಜೋಳ, ಮುಸುಕಿನ ಜೋಳದ ರೊಟ್ಟಿಯ ಕಡೆಗೇ ತೋರಿತು. ಕಾಯಿಲೆ ಬಿದ್ದ ಮನೆಗಳಿಂದ ತಂದ ಮುಸುಕಿನ ಜೋಳದ 12 ಮಾದರಿಗಳಲ್ಲೂ ಫ್ಯೂಮೊನಿಸಿನ್ ಬಿ1 ಎಂಬ ಶಿಲೀಂಧ್ರ ವಿಷ ಸಿಕ್ಕಿತು, ಕಿಲೋಗೆ 0.25ರಿಂದ 64.7 ಮಿಲಿಗ್ರಾಂವರೆಗೆ. ಅದೇ ಕಾಳು ತಿಂದ ಒಂದು ದಿನದ ಕೋಳಿಮರಿಗಳಿಗೂ ಭೇದಿಯಾಯಿತು.

1997ರಲ್ಲಿ ಪ್ರಕಟವಾದ ಈ ವರದಿ ಚೊಕ್ಕವಾದ ಕೆಲಸ. ರೋಗಿಯಿಂದ ಅಡುಗೆಮನೆಗೆ, ಅಲ್ಲಿಂದ ಕಾಳಿಗೆ, ಕಾಳಿನಿಂದ ವಿಷಕ್ಕೆ ಒಂದು ಕೊಂಡಿಯೂ ತಪ್ಪದಂತೆ ಹೋಗುತ್ತದೆ. ಆದರೆ ಅದು ಹುಡುಕಿದ್ದು ತಕ್ಷಣದ ಕಾಯಿಲೆಯನ್ನು. ನನ್ನ ಕಣ್ಣು ನಿಲ್ಲುವುದು 64.7 ಎಂಬ ಅಂಕಿಯ ಮೇಲೆ. ದಕ್ಷಿಣ ಆಫ್ರಿಕಾದ ಗೆಲ್ಡರ್‌ಬ್ಲೋಮ್ ಮತ್ತವರ ತಂಡ 1988ರಲ್ಲಿ ಈ ವಿಷವನ್ನು ಬೇರ್ಪಡಿಸಿತ್ತು. 1991ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಕಿಲೋ ಆಹಾರಕ್ಕೆ 50 ಮಿಲಿಗ್ರಾಂನಂತೆ ಇದನ್ನು ತಿಂದು ಹದಿನೆಂಟು ತಿಂಗಳು ದಾಟಿ ಬದುಕಿದ ಇಲಿಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಲಿವರ್ ಕ್ಯಾನ್ಸರ್ ಬಂದಿತ್ತು. ನಮ್ಮ ಬಡವರ ಮನೆಯ ಒಂದು ಮಾದರಿಯಲ್ಲಿ ಅದಕ್ಕಿಂತ ಹೆಚ್ಚು ವಿಷವಿತ್ತು. ಇಲಿಗಳು ತಿಂಗಳುಗಟ್ಟಲೆ ತಿಂದವು, ಜನ ಕೆಲವು ವಾರ ತಿಂದಿರಬಹುದು ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ, ನಿಜ. ಆದರೂ ಅಂಕಿ ಕಸಿವಿಸಿ ಮಾಡುತ್ತದೆ.

ಈ ವಿಷ ಕೆಲಸ ಮಾಡುವ ಬಗೆಯೇ ಕುತೂಹಲದ್ದು. ಜೀವಕೋಶದ ಪೊರೆ ಎರಡು ಪದರದ ಕೊಬ್ಬಿನ ಹಾಳೆ. ಹೊರಪದರದಲ್ಲಿ ಸ್ಫಿಂಗೋಲಿಪಿಡ್ ಎಂಬ ಕೊಬ್ಬುಗಳು ಕೊಲೆಸ್ಟರಾಲ್ ಜೊತೆ ಒತ್ತೊತ್ತಾಗಿ ಸೇರಿರುತ್ತವೆ. 'ಬೆಳೆ', 'ನಿಲ್ಲು' ಎಂಬ ಸಂದೇಶ ಹಿಡಿಯುವ ಹಲವು ಪ್ರೋಟೀನುಗಳು ಕೂರುವುದು ಅಲ್ಲೇ. ಫ್ಯೂಮೊನಿಸಿನ್ ಈ ಕೊಬ್ಬಿನ ಕಚ್ಚಾ ಸಾಮಗ್ರಿಯನ್ನೇ ಹೋಲುವ ಅಣು. ಅದು ಈ ಕೊಬ್ಬುಗಳಿಗೆ ತಳಹದಿಯಾದ ಸೆರಮೈಡ್ ಕಟ್ಟುವ ಕಿಣ್ವವನ್ನು ಅಡ್ಡಗಟ್ಟುತ್ತದೆಂದು ಅಮೆರಿಕದ ರೈಲಿ, ಮೆರಿಲ್ ಮುಂತಾದವರು 1991ರಲ್ಲೇ ತೋರಿಸಿದರು. ಆ ಕಚ್ಚಾ ಸಾಮಗ್ರಿಯಾದ ಸ್ಫಿಂಗಾನಿನ್ ರಾಶಿ ಬೀಳುತ್ತದೆ, ಪೊರೆಗೆ ಬೇಕಾದ ಕೊಬ್ಬು ಕಡಿಮೆಯಾಗುತ್ತದೆ, ಲಿವರ್ ಕೋಶಗಳು ಸಾಯುತ್ತವೆ. ಸತ್ತವುಗಳ ಜಾಗ ತುಂಬಲು ವಿಷಕ್ಕೆ ಜಗ್ಗದ ಕೋಶಗಳು ಒಡೆದೊಡೆದು ಬೆಳೆಯುತ್ತವೆ. ಆಪತ್ತು ಶುರುವಾಗುವುದು ಅಲ್ಲಿಂದ.

ವಿವರಣೆ ಸೊಗಸಾಗಿದೆ, ಸೊಗಸಾಗಿರುವುದರಿಂದಲೇ ಅನುಮಾನಿಸಬೇಕು. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಇನ್ನೊಂದು ತಳಿಯ ಇಲಿಗಳಿಗೆ ಅದೇ ವಿಷ ತಿನ್ನಿಸಿದಾಗ ಗಂಡಿಲಿಗಳಿಗೆ ಗಡ್ಡೆ ಬಂದದ್ದು ಮೂತ್ರಪಿಂಡದಲ್ಲಿ. ಲಿವರ್‌ನಲ್ಲಿ ಗಡ್ಡೆ ಕಂಡದ್ದು ಹೆಣ್ಣು ಚುಂಡಿಲಿಗಳಲ್ಲಿ. ತಳಿ ಬದಲಾದರೆ ಅಂಗವೇ ಬದಲಾಗುತ್ತದೆಂದ ಮೇಲೆ ಮನುಷ್ಯನ ಲಿವರ್ ಬಗ್ಗೆ ಎಷ್ಟು ಹೇಳಬಹುದು? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಇದನ್ನು '2ಬಿ' ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿಗೆ ಸೇರಿಸಿದ್ದು ಸರಿಯಾದ ತೂಕ.

ಪೊರೆಯ ಕೊಬ್ಬಿನ ಕೊರತೆಗೂ ಲಿವರ್ ಗಡ್ಡೆಗೂ ಇರುವ ನಂಟಿನ ಬಗ್ಗೆ ಈ ಮೊದಲೂ ಇಂಥದೇ ಪಾಠವಾಗಿತ್ತು. ಪೊರೆಯ ಇನ್ನೊಂದು ಮುಖ್ಯ ಕೊಬ್ಬಿಗೆ ಬೇಕಾದ ಕೋಲಿನ್ ಇಲ್ಲದ ಆಹಾರ ತಿಂದ ಇಲಿಗಳಿಗೆ ಲಿವರ್ ಗಡ್ಡೆ ಬರುತ್ತದೆಂದು ಕೋಪ್‌ಲ್ಯಾಂಡ್, ಸಾಲ್ಮನ್ 1946ರಲ್ಲಿ ಬರೆದರು. ಅಫ್ಲಟಾಕ್ಸಿನ್ ಎಂಬ ಇನ್ನೊಂದು ಶಿಲೀಂಧ್ರ ವಿಷ ಬೆಳಕಿಗೆ ಬಂದ ಮೇಲೆ ಆ ಆಹಾರದಲ್ಲಿದ್ದ ಕಡಲೆಕಾಯಿ ಹಿಂಡಿಯ ಮೇಲೇ ಗುಮಾನಿ ಬಂತು. 1980ರ ದಶಕದಲ್ಲಿ ಶುದ್ಧ ಆಹಾರದಿಂದ ಮತ್ತೆ ಪ್ರಯೋಗ ಮಾಡಿದಾಗಲೂ ಗಡ್ಡೆ ಬಂದದ್ದರಿಂದ ಹಳೆಯ ಮಾತು ಉಳಿಯಿತು.

ಹಾಗಾದರೆ 'ಕೊಬ್ಬು ಕ್ಯಾನ್ಸರ್‌ಗೆ ಮೇವು' ಎಂದು ಆರೋಗ್ಯ ಪುರವಣಿಗಳು ಬರೆಯುವುದು ಸುಳ್ಳೇ? ಅರ್ಧ ನಿಜ. 2024ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬಿರ್ಸಾಯ್ ತಂಡ, ಕೆರಾಸ್ ಜೀನ್ ಕೆಟ್ಟ ಗಡ್ಡೆಗಳು ಸಕ್ಕರೆ ಅಂಟಿದ ಸ್ಫಿಂಗೋಲಿಪಿಡ್‌ಗಳ ಮರೆಯಲ್ಲಿ ರೋಗನಿರೋಧಕ ಕೋಶಗಳಿಂದ ತಪ್ಪಿಸಿಕೊಳ್ಳುತ್ತವೆಂದು ತೋರಿಸಿತು. ಅಲ್ಲಿ ಆ ಕೊಬ್ಬಿನ ತಯಾರಿ ತಡೆದರೆ ಗಡ್ಡೆ ಸೊರಗುತ್ತದೆ. ಫ್ಯೂಮೊನಿಸಿನ್ ಅದೇ ದಾರಿಯನ್ನು ಬೇರೊಂದು ತಿರುವಿನಲ್ಲಿ ತಡೆದರೆ ಗಡ್ಡೆ ಹುಟ್ಟುತ್ತದೆ. ಗಟ್ಟಿಮುಟ್ಟಾದ ಕೋಶವನ್ನು ಕೊಲ್ಲುವುದೂ ಆಗಲೇ ಕೆಟ್ಟ ಕೋಶವನ್ನು ಬಯಲಿಗೆಳೆಯುವುದೂ ಬೇರೆ ಬೇರೆ ಕೆಲಸ. ಎರಡನ್ನೂ ಒಂದೇ ಶೀರ್ಷಿಕೆಯಡಿ ತುರುಕುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ.

ಇದನ್ನೆಲ್ಲ ಹಾಸನದ ಹತ್ತಿರದ ಶಾಂತಿಗ್ರಾಮದ ಕಡೆಯಿಂದ ನೋಡಿದರೆ ಲೆಕ್ಕ ಬದಲಾಗುತ್ತದೆ. ಈ ಸೀಮೆಯಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿದ್ದು ಕೈಸುಟ್ಟುಕೊಂಡ ಎಷ್ಟೋ ರೈತರು ಮುಸುಕಿನ ಜೋಳಕ್ಕೆ ಹೊರಳಿದರು. ತೆನೆ ಮುರಿಯುವ ಅಕ್ಟೋಬರ್, ನವೆಂಬರ್ ಹೊತ್ತಿಗೆ ವಾಯುಭಾರ ಕುಸಿತದ ಮಳೆಯ ಕಾಟ. ಆದರೆ ಇಲ್ಲಿ ಉಣ್ಣುವುದು ರಾಗಿಮುದ್ದೆ. ಜೋಳ ಹೋಗುವುದು ಹೆಚ್ಚಾಗಿ ಕೋಳಿಗೆ, ದನಕ್ಕೆ. ಫ್ಯೂಮೊನಿಸಿನ್ ಹಾಲಿಗೆ ಇಳಿಯುವುದು ತೀರ ಕಡಿಮೆ. ಹಾಗಾಗಿ 1995ರ ಹಳ್ಳಿಗಳ ಭಯವನ್ನು ಹಾಗೇ ಇಲ್ಲಿಗೆ ತಂದು ಹಾಕುವುದು ತಪ್ಪು. ಹಾಲಿನ ಸೀಮೆಗೆ ಹತ್ತಿರದ ಅಪಾಯ ಅದೇ ಬೂಷ್ಟು ಮೇವಿನಲ್ಲಿರಬಹುದಾದ ಅಫ್ಲಟಾಕ್ಸಿನ್. ಅದು ಹಸುವಿನ ಮೈಯಲ್ಲಿ ಅಫ್ಲಟಾಕ್ಸಿನ್ ಎಂ1 ಆಗಿ ಬದಲಾಗಿ ಹಾಲಿಗೆ ಬರುತ್ತದೆ.

ವಿಮರ್ಶೆ ಬೇಕಿರುವುದು ವಿಜ್ಞಾನಕ್ಕಿಂತ ನಮ್ಮ ವ್ಯಾಪಾರದ ಪದ್ಧತಿಗೆ. ಮಂಡಿಯಲ್ಲಿ ಜೋಳದ ಬೆಲೆ ಕಟ್ಟುವುದು ತೇವಾಂಶ ನೋಡಿ, ಕಾಳಿನ ಬಣ್ಣ ನೋಡಿ. ಆದರೆ ಫ್ಯೂಮೊನಿಸಿನ್ ತಯಾರಿಸುವ ಫ್ಯೂಸೇರಿಯಂ ಶಿಲೀಂಧ್ರ ಹೊಲದಲ್ಲೇ ತೆನೆಗೆ ಹೊಕ್ಕಿರುತ್ತದೆ. ಹೊರಗೆ ಹೊಳೆಯುವ ಕಾಳಿನೊಳಗೂ ಇರಬಲ್ಲದು. ಒಣಗಿಸಿದರೆ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ, ಆಗಲೇ ಆದ ವಿಷ ಹೋಗುವುದಿಲ್ಲ. ಸಂಸ್ಕರಿಸದ ಮುಸುಕಿನ ಜೋಳದ ಕಾಳಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ 2014ರಲ್ಲಿ ಇಟ್ಟ ಫ್ಯೂಮೊನಿಸಿನ್ ಮಿತಿ ಕಿಲೋಗೆ 4 ಮಿಲಿಗ್ರಾಂ. ತೇವಾಂಶದ ಮೀಟರು ಅದನ್ನು ಅಳೆಯಲಾರದು. ಬೆಲೆ ಬಾರದ ಕಪ್ಪು ಕಾಳು ಎಸೆಯುವ ಮಾಲೂ ಅಲ್ಲ, ಸೀದಾ ಕೊಟ್ಟಿಗೆಯ ಬಾನಿಗೆ ಬೀಳುತ್ತದೆ.