ಭವಭೂತಿಯ ಒಂದು ವನಪದ್ಯ: ಸ್ಮೃತಿಯೂ ಪ್ರತ್ಯಭಿಜ್ಞೆಯೂ

ಭವಭೂತಿಯ ಉತ್ತರರಾಮಚರಿತವು ಕ್ರಿ. ಶ. 8ನೆಯ ಶತಮಾನದ ಏಳು ಅಂಕಗಳ ನಾಟಕ. ಅದರ ಎರಡನೆಯ ಅಂಕದ ಕೊನೆಯ ಭಾಗದಲ್ಲಿ, ಸೀತಾಪರಿತ್ಯಾಗವಾಗಿ 12 ವರ್ಷಗಳು ಸಂದ ಮೇಲೆ ಜನಸ್ಥಾನವನ್ನು ಮರಳಿ ಕಂಡ ರಾಮನ ಬಾಯಲ್ಲಿ ಶಿಖರಿಣೀವೃತ್ತದ ಪದ್ಯವೊಂದು ಬರುತ್ತದೆ. ನದಿಗಳ ಪಾತ್ರ ಸರಿದು ಮರಳದಿಣ್ಣೆಗಳು ಎದ್ದಿರುವುದು, ಮರಗಳ ದಟ್ಟಣೆ ಹಿಂದಿನಂತಿಲ್ಲದಿರುವುದು, ಕಾಡು ಬೇರೊಂದರಂತೆ ತೋರುವುದು, ಬೆಟ್ಟಗಳ ನೆಲೆಯಿಂದ ಮಾತ್ರ ಅದರ ಗುರುತು ಹತ್ತುವುದು, ಇಷ್ಟೇ ಪದ್ಯದ ವಿಷಯ. ಇದರಲ್ಲಿ ಸೀತೆಯ ಹೆಸರಿಲ್ಲ. ಶೋಕವಾಚಕವಾದ ಒಂದು ಶಬ್ದವೂ ಇಲ್ಲ. ಆದರೂ ಸಹೃದಯರಿಗೆ ಇಲ್ಲಿ ಕರುಣವೇ ಅನುಭವಕ್ಕೆ ಬರುತ್ತದೆ. ಅದು ಹೇಗೆಂಬುದು ಪರಿಶೀಲನಾರ್ಹವಾದ ವಿಷಯ.

ಹೊಳೆ ಮರಗಳು ಮಾರ್ಪಟ್ಟರೂ ಬೆಟ್ಟಗಳು ಅಚಲವಾಗಿವೆ. ಅಂತೆಯೇ ರಾಮನ ಪ್ರೇಮವೂ ಅಚಲವೆಂಬುದು ಕವಿಯ ಅಭಿಪ್ರಾಯವೆಂದು ಹೇಳಿಬಿಡುವುದು ಸುಲಭ. ಆದರೆ ಈ ವ್ಯಾಖ್ಯಾನದಿಂದ ಬೆಟ್ಟಗಳು ಸಮಾಧಾನದ ಸಾಮಗ್ರಿಗಳಾಗುತ್ತವೆ. ಪದ್ಯದ ಗತಿ ಇದಕ್ಕೆ ಅನುಕೂಲವಾಗಿಲ್ಲ.

ಮೊದಲನೆಯದಾಗಿ, ಕವಿಯು ವರ್ಣಿಸುವುದು ನಾಶವನ್ನಲ್ಲ, ವಿಪರ್ಯಾಸವನ್ನು. ದಟ್ಟವಾಗಿದ್ದೆಡೆ ವಿರಳವಾದಂತೆಯೇ ವಿರಳವಾಗಿದ್ದೆಡೆ ದಟ್ಟವೂ ಆಗಿದೆ. ಕಾಡು ಹಾಳಾಗಿಲ್ಲ, ತನ್ನ ಪಾಡಿಗೆ ಬೆಳೆದು ಬದುಕಿದೆ. ಆದುದರಿಂದ ಇದು ಅಳಿದುದಕ್ಕಾಗಿ ಹಾಡಿದ ಚರಮಗೀತವಲ್ಲ. ಇಲ್ಲಿ ನಷ್ಟಪಟ್ಟವನು ನೋಡುವವನೇ ಹೊರತು ನೋಡಲ್ಪಟ್ಟ ವನವಲ್ಲ.

ಎರಡನೆಯದು ವೃತ್ತದ ವಿಚಾರ. ಶಿಖರಿಣಿಯ ಪಾದದಲ್ಲಿ 17 ಅಕ್ಷರಗಳು. ಆರನೆಯ ಅಕ್ಷರದ ಮೇಲೆ ಯತಿ. ಪ್ರಥಮಪಾದದಲ್ಲಿ ಯತಿಗೆ ಮೊದಲು ಹಿಂದಿನ ಪ್ರವಾಹವೂ ಅನಂತರ ಇಂದಿನ ಮರಳೂ ಬಂದಿವೆ. ಅಂದಿಗೂ ಇಂದಿಗೂ ನಡುವಣ ವರ್ಷಗಳನ್ನು ಕವಿಯು ವಿವರಿಸದೆ, ಒಂದು ಉಸಿರಿನ ನಿಲುಗಡೆಯಲ್ಲಿ ಅಡಗಿಸಿದ್ದಾನೆ.

ಮೂರನೆಯದು ಮುಖ್ಯವಾದುದು. ವನವು ಬೇರೆಯದೇ ಆಗಿದ್ದರೆ ರಾಮನಿಗೆ ಒಂದು ಬಿಡುಗಡೆಯಿತ್ತು. ಅಲ್ಲಿ ಅವನು ಅಪರಿಚಿತನಾಗಿ ನಡೆದುಹೋಗಬಹುದಾಗಿತ್ತು. ಬೇರೆಯಂತೆ ಎಂಬಲ್ಲಿಯ ಉಪಮಾವಾಚಕವು ಆ ಬಿಡುಗಡೆಯನ್ನು ಕ್ಷಣಕಾಲ ತೋರಿಸುತ್ತದೆ. ಬೆಟ್ಟಗಳು ಅದನ್ನು ಕಿತ್ತುಕೊಳ್ಳುತ್ತವೆ. ಅವು ಇಲ್ಲಿ ಆಶ್ವಾಸನವನ್ನೀಯುವ ಬಂಧುಗಳಲ್ಲ, ಸಾಕ್ಷಿಗಳು. ಸಾಕ್ಷ್ಯವು ದೃಢಪಟ್ಟೊಡನೆ ಏನಾಗುತ್ತದೆಂಬುದಕ್ಕೆ ಮುಂದಿನ ಪದ್ಯವೇ ಪ್ರಮಾಣ. ಅಲ್ಲಿ ರಾಮನು ಸೀತೆಯೊಡನೆ ಪಂಚವಟಿಯಲ್ಲಿ ಕಳೆದ ದಿನಗಳನ್ನು ನೆನೆದು, ಪ್ರಿಯತಮೆಯನ್ನು ನಾಶಗೊಳಿಸಿದ ಪಾಪಿಯೆಂದು ತನ್ನನ್ನೇ ನಿಂದಿಸಿಕೊಳ್ಳುತ್ತಾನೆ. ಆ ಸ್ಥಳವನ್ನು ಒಬ್ಬನೇ ನೋಡುವುದು ಹೇಗೆ, ನೋಡದೆ ಹೋಗುವುದು ಹೇಗೆ ಎಂದು ತೊಳಲುತ್ತಾನೆ. ಪ್ರತ್ಯಭಿಜ್ಞೆಯಿಂದ ಹುಟ್ಟಿದುದು ಪಶ್ಚಾತ್ತಾಪ, ಸಾಂತ್ವನವಲ್ಲ.

ಸಂದರ್ಭವೂ ಈ ಅರ್ಥವನ್ನೇ ಬಲಪಡಿಸುತ್ತದೆ. ರಾಮನು ಇಲ್ಲಿಗೆ ಬಂದುದು ತನ್ನ ಸವಿನೆನಪುಗಳನ್ನು ಅರಸಿಕೊಂಡಲ್ಲ. ರಾಜಧರ್ಮದ ಹೆಸರಿನಲ್ಲಿ ಶೂದ್ರತಪಸ್ವಿಯಾದ ಶಂಬೂಕನನ್ನು ಕೊಲ್ಲುವುದಕ್ಕಾಗಿ. ಕತ್ತಿಯೆತ್ತುವ ಮುನ್ನ ಅವನು ತನ್ನ ಬಲಗೈಯನ್ನೇ ಮೂದಲಿಸುತ್ತಾನೆ: ಗರ್ಭಿಣಿಯನ್ನು ಕಾಡಿಗಟ್ಟಿದ ಕೈಗೆ ಕರುಣೆಯೆಲ್ಲಿಯದು ಎಂದು. ಅನಂತರ ದಿವ್ಯರೂಪವನ್ನು ತಳೆದ ಆ ಶಂಬೂಕನೇ ರಾಮನಿಗೆ ಇದು ಜನಸ್ಥಾನವೆಂದು ತೋರಿಸಿಕೊಡುತ್ತಾನೆ. ರಾಜನ ಗತಕಾಲವನ್ನು ಅವನ ಕಣ್ಣೆದುರಿಗೆ ತಂದುಕೊಡುವವನು ಅವನ ಕೈಯಿಂದಲೇ ಹತನಾದವನು. ಈ ಯೋಜನೆಯನ್ನು ಮರೆತು ಪದ್ಯವನ್ನು ಕೇವಲ ಪ್ರಕೃತಿವರ್ಣನೆಯಾಗಿ ಓದುವುದು ಕವಿಗೆ ಅನ್ಯಾಯ ಮಾಡಿದಂತೆ.

ಪ್ರಥಮಾಂಕದ ಚಿತ್ರದರ್ಶನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಗತಕಾಲದ ಪುನರ್ದರ್ಶನವೇ ಇದೆ. ಶೂರ್ಪಣಖಿಯ ಚಿತ್ರವನ್ನು ಕಂಡು ಬೆದರಿದ ಸೀತೆಯನ್ನು, ಇದು ಬರಿಯ ಚಿತ್ರವೆಂದು ರಾಮನು ಸಂತೈಸುತ್ತಾನೆ. ಚಿತ್ರದಲ್ಲಿ ಯಾವುದೂ ಮಾರ್ಪಡುವುದಿಲ್ಲ. ಆದುದರಿಂದಲೇ ಅದನ್ನು ಬರಿಯ ಚಿತ್ರವೆನ್ನಬಹುದು. ಎರಡನೆಯ ಅಂಕದಲ್ಲಿ ಸ್ಥಳವೇ ಎದುರಿಗಿದೆ, ಅದು ಮಾರ್ಪಟ್ಟಿದೆ, ಸಂತೈಸಿಕೊಳ್ಳಬೇಕಾದವನು ಈಗ ರಾಮನೇ. ಮೂರನೆಯ ಅಂಕದಲ್ಲಿ ಸೀತೆಯು ಸಾಕಿದ ಆನೆಯ ಮರಿ ಪ್ರಾಯದ ಸಲಗವಾಗಿ ಕಾಣಿಸಿಕೊಳ್ಳುತ್ತದೆ. ಕಾಲವು ಎಲ್ಲರಿಗೂ ಸಂದಿದೆ; ಅಪರಾಧದ ನೆನಪಿಗೆ ಮಾತ್ರ ಸಂದಿಲ್ಲ.

ಕಳೆದ ಕಾಲಕ್ಕೆ ಮರಳಿದವನಿಗೆ ಎಲ್ಲವೂ ಬದಲಾಗಿದ್ದರೆ ದುಃಖವೆಂಬುದು ಲೋಕದ ಮಾತು. ಎಲ್ಲವೂ ಬದಲಾಗದೆ ಒಂದಿಷ್ಟು ಉಳಿದಿದ್ದರೆ ಆ ಉಳಿದುದರಿಂದಲೇ ದುಃಖವು ನೆಲೆಗೊಳ್ಳುವುದೆಂಬುದು ಭವಭೂತಿಯ ದರ್ಶನ. ಕರುಣವೊಂದೇ ರಸವೆಂದು ಮೂರನೆಯ ಅಂಕದಲ್ಲಿ ತಮಸೆಯಿಂದ ನುಡಿಸಿದ ಕವಿಯು, ಆ ಮಾತಿಗೆ ಮುಂಚೆಯೇ, ಕರುಣದ ಹೆಸರೆತ್ತದ ಈ ಪದ್ಯದಲ್ಲಿ ಅದಕ್ಕೆ ಉದಾಹರಣೆಯನ್ನು ಕೊಟ್ಟಿದ್ದಾನೆ.