ಹಗುರ ಕಾರಿನ ರಸಿಕರಿಗೆ

ರೇಸ್ ಟ್ರ್ಯಾಕಿಗೆ ಹೊಸದಾಗಿ ಬಂದವರು ಯಾವುದೇ ಕಾರಿನ ಮುಂದೆ ನಿಂತು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಹಾರ್ಸ್‌ಪವರ್? ಅದನ್ನು ಆಮೇಲೆ ಕೇಳಿ. ಮೊದಲು ತೂಕ ವಿಚಾರಿಸಿ. ಎಂಜಿನ್ನಿನ ಶಕ್ತಿ ಹೆಚ್ಚಾದರೆ ವೇಗ ಏರಿಸುವಾಗ ಮಾತ್ರ ಲಾಭ. ತೂಕ ಇಳಿದರೆ ವೇಗ ಏರುವುದು, ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ಹಿಡಿತ ಬಿಡದಿರುವುದು ಮೂರೂ ಸುಧಾರಿಸುತ್ತವೆ. ಟ್ರ್ಯಾಕ್ ಕಾರು ಕಟ್ಟುವ ಕಲೆಯ ಸೊಗಸೆಲ್ಲ ಈ ಲೆಕ್ಕದಲ್ಲಿದೆ.

ಮೂಲ ಪಾಠ

ಕಣ್ಣು ಪಳಗಿಸಿಕೊಳ್ಳಲು ಲೋಟಸ್ ಸೆವೆನ್‌ನಿಂದ ಶುರುಮಾಡಿ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಕಾರು ಇದು. ಉಕ್ಕಿನ ತೆಳು ಕೊಳವೆಗಳನ್ನು ಬೆಸೆದು ಕಟ್ಟಿದ ಚೌಕಟ್ಟು, ಅದಕ್ಕೆ ರಿವೆಟ್ ಹೊಡೆದ ಅಲ್ಯುಮಿನಿಯಂ ತಗಡು, ಎರಡು ಸೀಟು. ತಗಡು ಬರೀ ಹೊದಿಕೆಯಲ್ಲ. ಚೌಕಟ್ಟು ತಿರುಚಿಕೊಳ್ಳದಂತೆ ಬಿಗಿಹಿಡಿಯುವುದೂ ಅದೇ. ಒಂದೇ ಭಾಗ ಎರಡು ಕೆಲಸ ಮಾಡಿದರೆ ಇನ್ನೊಂದು ಭಾಗ ಬೇಕಿಲ್ಲ. ಬಿಡಿಭಾಗಗಳಾಗಿ ಕೊಂಡವರಿಗೆ ಆಗಿನ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಇರಲಿಲ್ಲವಾದ್ದರಿಂದ ಬಹಳ ಮಂದಿ ಇದನ್ನು ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದು ಇಂದಿಗೂ ಸೆವೆನ್ ಕಟ್ಟುತ್ತಿದೆ. 2021ರ ಸೆವೆನ್ 170 ಮಾದರಿಯ ತೂಕ ಸುಮಾರು 440 ಕೆ.ಜಿ. ನಮ್ಮ ಹಳೆಯ ಮಾರುತಿ 800 ಕೂಡ ಅದಕ್ಕಿಂತ ಹೆಚ್ಚುಕಡಿಮೆ 200 ಕೆ.ಜಿ. ಭಾರ. ಸೆವೆನ್ 170ರ ಒಳಗಿರುವುದು ಸುಜುಕಿಯ 660 ಸಿ.ಸಿ. ಟರ್ಬೊ ಎಂಜಿನ್, ಬರೀ 84 ಅಶ್ವಶಕ್ತಿಯದು. ಆ ಮೈಗೆ ಅಷ್ಟು ಧಾರಾಳವಾಗಿ ಸಾಕು.

ಏನಿಲ್ಲ ಎಂದು ನೋಡಿ

ರಸ್ತೆಯ ಕಾರನ್ನು ಟ್ರ್ಯಾಕಿಗೆ ಮಾರ್ಪಡಿಸಿದ್ದರೆ ಕಿಟಕಿಯಿಂದ ಒಳಗೆ ಬಗ್ಗಿ ನೋಡಿ. ಹಿಂದಿನ ಸೀಟು, ಕಾರ್ಪೆಟ್ಟು, ಏಸಿ, ಸ್ಟೆಪ್ನಿ, ಸದ್ದು ತಡೆಯಲು ಅಂಟಿಸಿದ್ದ ದಪ್ಪ ಹಾಳೆಗಳು ಹೋಗಿರುತ್ತವೆ. ಇಷ್ಟು ಯಾರು ಬೇಕಾದರೂ ಮಾಡಬಹುದು. ಬಲ್ಲವರ ಕೈಚಳಕ ಇರುವುದು ಎಲ್ಲಿಂದ ತೆಗೆದರು ಎನ್ನುವುದರಲ್ಲಿ. ಮೇಲ್ಭಾಗದಿಂದ ತೆಗೆದ ತೂಕ ವಾಲಾಟವನ್ನು ತಗ್ಗಿಸುತ್ತದೆ. ಮುಂತುದಿ, ಹಿಂತುದಿಗಳಿಂದ ತೆಗೆದದ್ದು ಕಾರನ್ನು ಥಟ್ಟನೆ ತಿರುಗಿಸುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೊತ್ತಿ ತಿರುಗುವುದಕ್ಕೂ ಕೈಚಾಚಿ ಹಿಡಿದು ತಿರುಗುವುದಕ್ಕೂ ಎಷ್ಟು ವ್ಯತ್ಯಾಸ, ನೀವೇ ನೋಡಿ. ಚಕ್ರದಿಂದ ಕಳೆದ ತೂಕಕ್ಕಂತೂ ಬೆಲೆ ಇನ್ನೂ ಹೆಚ್ಚು: ಹಗುರ ಚಕ್ರ ನೆಲದ ಉಬ್ಬುತಗ್ಗುಗಳನ್ನು ಬಿಡದೆ ಹಿಂಬಾಲಿಸುತ್ತದೆ.

ಅವಕಾಶ ಸಿಕ್ಕರೆ ಕಾರ್ನರ್ ವೆಯ್ಟಿಂಗ್ ನೋಡದೆ ಬರಬೇಡಿ. ನಾಲ್ಕು ಚಕ್ರಗಳಡಿ ನಾಲ್ಕು ತೂಕದ ಯಂತ್ರ, ಸೀಟಿನಲ್ಲಿ ಚಾಲಕ. ಒಂದು ಸ್ಪ್ರಿಂಗಿನ ತಳವನ್ನು ಕೊಂಚ ಏರಿಸಿದರೂ ನಾಲ್ಕೂ ಅಂಕಿಗಳು ಬದಲಾಗುತ್ತವೆ. ಮುಂದಿನ ಎಡ, ಹಿಂದಿನ ಬಲ ಚಕ್ರಗಳ ಭಾರ ಕೂಡಿ ಒಟ್ಟು ತೂಕದ ಅರ್ಧಕ್ಕೆ ಬರುವವರೆಗೂ ಈ ತಾಳ್ಮೆಯ ಕೆಲಸ ನಡೆಯುತ್ತದೆ. ಕಾರು ಎಡಕ್ಕೂ ಬಲಕ್ಕೂ ಒಂದೇ ಗುಣ ತೋರಬೇಕಲ್ಲ!

ಎಲ್ಲಿ ನಿಲ್ಲಬೇಕು

ಬೆಂಗಳೂರಿನಿಂದ ಹೋಗಿಬರಬಹುದಾದದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕು: 3.7 ಕಿ.ಮೀ., 12 ತಿರುವು. ಅಲ್ಲಿ ನೇರ ದಾರಿಯ ವೇಗಕ್ಕೆ ಮರುಳಾಗಬೇಡಿ. ಪ್ರೇಕ್ಷಕರಿಗೆ ಬಿಟ್ಟ ಜಾಗದಲ್ಲೇ ತಿರುವು ಕಾಣುವ ಕಡೆ ನಿಲ್ಲಿ. ಯಾರು ತಡವಾಗಿ ಬ್ರೇಕ್ ಒತ್ತುತ್ತಾರೆ ನೋಡಿ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ. ಹಗುರ ಕಾರು ಗೆಲ್ಲುವುದು ಇಲ್ಲೇ. ಚಾಲಕನ ಕೈ ಕಂಡರೆ ಅದನ್ನೇ ಗಮನಿಸಿ. ಸ್ಟಿಯರಿಂಗನ್ನು ಒಮ್ಮೆ ತಿರುಗಿಸಿ ಹಾಗೇ ಹಿಡಿದಿದ್ದರೆ ಕಾರಿಗೂ ಅವರಿಗೂ ಹೊಂದಿಕೆಯಿದೆ. ಗಳಿಗೆಗೊಮ್ಮೆ ತಿದ್ದುತ್ತಿದ್ದರೆ ಎಲ್ಲೋ ಸಮತೋಲ ತಪ್ಪಿದೆ. ಆಮೇಲೆ ಕಿವಿಗೊಡಿ: ಆಕ್ಸಿಲರೇಟರ್ ಮತ್ತೆ ಒತ್ತಿದ ಸದ್ದು ಬೇಗ ಬಂದು, ತಡವರಿಸದೆ ಏರಬೇಕು.

ಒಂದು ಲ್ಯಾಪಿನ ವೇಗ ನೋಡಿ ತೀರ್ಪು ಕೊಡಬೇಡಿ. ಲ್ಯಾಪುಗಳು ಕಳೆದಂತೆ ಬ್ರೇಕ್ ಕಾಯುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿಯಿತೆಂದರೆ ಪೆಡಲ್ ಕುಸಿಯುತ್ತದೆ. ಭಾರದ ಕಾರಿನ ಬ್ರೇಕ್ ಬೇಗ ಕಾಯುತ್ತದೆ. ಹತ್ತನೇ ಲ್ಯಾಪಿನಲ್ಲೂ ಎರಡನೆಯದರ ಸಮಯವನ್ನೇ ಕೊಡುವ ಕಾರಿಗೆ ಚಪ್ಪಾಳೆ ತಟ್ಟಿ.

ಏನು ಸೇರಿಸಿದ್ದಾರೆ?

ಕಟ್ಟಿದವರನ್ನು ಕೊನೆಗೆ ಕೇಳಬೇಕಾದ ಪ್ರಶ್ನೆ ಇದು. ಕಾರು ಮಗುಚಿದರೆ ಚಾಲಕನನ್ನು ಕಾಯುವ ರೋಲ್ ಕೇಜ್, ಐದಾರು ಕಡೆ ಬಿಗಿಯುವ ಬೆಲ್ಟು, ಬೆಂಕಿ ನಂದಿಸುವ ಸಿಲಿಂಡರು, ಎಲ್ಲವೂ ಭಾರವೇ. ಉಳಿಸಿದ ತೂಕದಲ್ಲಿ ಒಂದು ಪಾಲನ್ನು ಚಾಲಕನ ಜೀವಕ್ಕಾಗಿ ಎತ್ತಿಡದ ಕಾರನ್ನು, ಅದೆಷ್ಟೇ ವೇಗದ್ದಾಗಿರಲಿ, ನಾನು ಮೆಚ್ಚಲಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ರಸ್ತೆಯ ಕಾರನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಹೀಗೆ ಮಾರ್ಪಡಿಸಿದ ಕಾರು ಟ್ರೇಲರಿನ ಮೇಲೇ ಟ್ರ್ಯಾಕಿಗೆ ಬರಬೇಕು. ಯಾವ ಕಿಲೋವನ್ನು ಯಾಕೆ ತೆಗೆದೆವು, ಯಾವುದನ್ನು ಯಾಕೆ ಉಳಿಸಿಕೊಂಡೆವು ಎಂದು ಕಟ್ಟಿದವರು ತಡವರಿಸದೆ ಹೇಳಿದರೆ, ಬಹುಮಾನ ಬರಲಿ ಬಿಡಲಿ, ನೀವು ನೋಡುತ್ತಿರುವುದು ಒಳ್ಳೆಯ ಕೆಲಸ.